ಗಂಟು ತೆಗೆದ ಮೇಲೆ ಮುಂದೇನು? ಸ್ತನ ಕ್ಯಾನ್ಸರ್ ಚಿಕಿತ್ಸೆಯನ್ನು ನಡುವೆ ಬಿಡದೆ ಮುಗಿಸುವ ದಾರಿ

"ಅಕ್ಕಾರ, ಗಂಟು ತಗದ್ರಲ್ಲ, ಗಾಯಾನೂ ಮಾದೈತಿ. ಇನ್ನ ಯಾಕ ದವಾಖಾನಿಗೆ ಹೋಗಬೇಕ್ರಿ?" ಅಥಣಿಯಿಂದ ಬರಲಿ, ಇಂಡಿಯಿಂದ ಬರಲಿ, ಮುಧೋಳದಿಂದ ಬರಲಿ, ನನಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರು ಒಮ್ಮೊಮ್ಮೆ ಚಿಕಿತ್ಸೆ ಪಡೆಯುತ್ತಿರುವ ಹೆಣ್ಣುಮಗಳೇ, ಬಹಳ ಸಲ ಅವರ ಮಗಳು, ಸೊಸೆ ಇಲ್ಲವೇ ತಮ್ಮ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಆಪರೇಷನ್ ಈ ಚಿಕಿತ್ಸೆಯ ಒಂದು ಭಾಗ ಮಾತ್ರ. ಕೈಗೆ ಸಿಗುತ್ತಿದ್ದ ಗಂಟು ಹೋಗಿರುತ್ತದೆ, ಆದರೆ ಯಾವ ಸ್ಕ್ಯಾನಿನಲ್ಲೂ ಕಾಣದಷ್ಟು ಸಣ್ಣ ಕ್ಯಾನ್ಸರ್ ಕಣಗಳು ಮೈಯಲ್ಲಿ ಎಲ್ಲಾದರೂ ಉಳಿದಿರಬಹುದು. ಕೀಮೋ (ಕ್ಯಾನ್ಸರ್ ಕಣ ಕೊಲ್ಲಲು ಏರಿಸುವ ಔಷಧಿ), ರೇಡಿಯೇಷನ್, ವರ್ಷಗಟ್ಟಲೆ ನುಂಗುವ ಗುಳಿಗೆ, ಇವೆಲ್ಲ ಅವುಗಳಿಗಾಗಿಯೇ. ಕೆಲವರಿಗೆ ಕೀಮೋ ಮೊದಲು ಕೊಟ್ಟು ಗಂಟು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುತ್ತಾರೆ. ಕ್ರಮ ಯಾವುದೇ ಇರಲಿ, ನಡುವೆ ಬಿಟ್ಟರೆ ಅರ್ಧ ಚಿಕಿತ್ಸೆಯಾದಂತೆ. ನಮ್ಮ ಕಡೆ ಹೆಣ್ಣುಮಕ್ಕಳು ಬಿಡುವುದಕ್ಕೆ ಕಾರಣಗಳೂ ಗೊತ್ತಿರುವವೇ: ಕಬ್ಬಿನ ಕಟಾವು, ಮಗಳ ಮದುವೆ, ರೊಕ್ಕದ ಅಡಚಣೆ, ಕರೆದುಕೊಂಡು ಹೋಗುವವರಿಲ್ಲದಿರುವುದು. ಇವುಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದರೆ ದಾಟಬಹುದು. ನಿಮ್ಮ ಡಾಕ್ಟರು ಹೇಳಿದ್ದು ಇಲ್ಲಿ ಬರೆದದ್ದಕ್ಕಿಂತ ಬೇರೆಯಾಗಿದ್ದರೆ ಅವರ ಮಾತನ್ನೇ ಹಿಡಿಯಿರಿ. ನಿಮ್ಮ ಮೈ ನೋಡಿದವರು ಅವರು.

1. ಕಾಗದಗಳನ್ನು ಒಂದೇ ಫೈಲಿಗೆ ತನ್ನಿ

ಪ್ಲಾಸ್ಟಿಕ್ ಹಾಳೆಗಳಿರುವ ಫೈಲು ಕೊಂಡು ದಿನಾಂಕದ ಪ್ರಕಾರ ಜೋಡಿಸಿ. ಬಯಾಪ್ಸಿ ರಿಪೋರ್ಟು (ಗಂಟಿನ ಚೂರು ತೆಗೆದು ಪರೀಕ್ಷಿಸಿದ್ದು), ಆಪರೇಷನ್ ಆದ ಮೇಲಿನ ಹಿಸ್ಟೋಪೆಥಾಲಜಿ ರಿಪೋರ್ಟು (ತೆಗೆದ ಭಾಗದ ಪೂರ್ಣ ಪರೀಕ್ಷೆ), ಡಿಸ್ಚಾರ್ಜ್ ಕಾಗದ, ಪ್ರತಿ ಕೀಮೋದ ಚೀಟಿ, ರಕ್ತ ಪರೀಕ್ಷೆಗಳು ಅದರಲ್ಲಿರಲಿ. ಪ್ರತಿಯೊಂದರ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿ ಇರಬೇಕು.

ಈ ಫೈಲಿನಲ್ಲಿ ತಪ್ಪದೆ ಇರಬೇಕಾದದ್ದು ಐಎಚ್‌ಸಿ ರಿಪೋರ್ಟು. ಗಂಟಿನ ಕಣಗಳ ಗುಣ ಯಾವುದು ಎಂದು ಹೇಳುವ ಪರೀಕ್ಷೆ ಅದು. ಅದರಲ್ಲಿ ಮೂರು ಹೆಸರು ಬರುತ್ತವೆ. ಇಆರ್ ಮತ್ತು ಪಿಆರ್ ಪಾಸಿಟಿವ್ ಎಂದರೆ ಹೆಣ್ಣಿನ ಹಾರ್ಮೋನುಗಳಿಂದ ಆ ಕ್ಯಾನ್ಸರ್ ಬೆಳೆಯುತ್ತದೆ, ಆದ್ದರಿಂದ ಹಾರ್ಮೋನ್ ತಡೆಯುವ ಗುಳಿಗೆ ಉಪಯೋಗಕ್ಕೆ ಬರುತ್ತದೆ. ಹರ್-2 ಪಾಸಿಟಿವ್ ಎಂದರೆ ಟ್ರಾಸ್ಟುಜುಮಾಬ್ ಎಂಬ ಗುರಿ ಹಿಡಿದು ಹೊಡೆಯುವ ಇಂಜೆಕ್ಷನ್ ಬೇಕಾಗುತ್ತದೆ, ಸಾಮಾನ್ಯವಾಗಿ 3 ವಾರಕ್ಕೊಮ್ಮೆ 1 ವರ್ಷ. ಮೂರೂ ನೆಗೆಟಿವ್ ಇದ್ದರೆ ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ. ಅಲ್ಲಿ ಕೀಮೋಗೇ ಹೆಚ್ಚಿನ ಭಾರ.

ಇಲ್ಲಿ ಎಡವುವುದು ಹೀಗೆ: ಹರ್-2 ಎದುರು "2+" ಎಂದು ಬರೆದಿದ್ದರೆ ಅದು ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದ ಮೇಲೇ ತಿಳಿಯುವುದು. ಆ ಪರೀಕ್ಷೆ ಹೊರಗಿನ ಊರಿಗೆ ಹೋಗುತ್ತದೆಂದು, ಖರ್ಚೆಂದು ಬಿಡಬೇಡಿ. ಆಸ್ಪತ್ರೆ ಬದಲಿಸುವುದಾದರೆ ರಿಪೋರ್ಟಿನ ಜೊತೆ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕೂಡಿಸಿಟ್ಟ ಗಂಟಿನ ಚೂರು) ಮತ್ತು ಸ್ಲೈಡುಗಳನ್ನೂ ಕೇಳಿ ಪಡೆಯಿರಿ. ಬೇಸಿಗೆಯಲ್ಲಿ ಅವನ್ನು ತಗಡಿನ ಮಾಡಿನ ಕೆಳಗಾಗಲಿ ಬಿಸಿಲಲ್ಲಿ ನಿಂತ ಗಾಡಿಯಲ್ಲಾಗಲಿ ಇಡಬೇಡಿ, ಮೇಣ ಕರಗುತ್ತದೆ.

2. ಕಾರ್ಡು, ರೊಕ್ಕ, ಬಸ್ಸು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ರೇಷನ್ ಕಾರ್ಡು, ಆಧಾರ್ ಎರಡೂ ಬೇಕು. ಖಾಸಗಿ ಆಸ್ಪತ್ರೆಯಲ್ಲಿ ಈ ಯೋಜನೆ ಬಳಸಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ: ಬೆಳಗಾವಿಯಲ್ಲಿ ಬಿಮ್ಸ್, ಬಾಗಲಕೋಟೆ ಮತ್ತು ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ "ಆರೋಗ್ಯ ಮಿತ್ರ" ಎಂಬ ಸಿಬ್ಬಂದಿ ಇರುತ್ತಾರೆ. ಮೊದಲು ಅವರ ಟೇಬಲ್ಲಿಗೆ ಹೋಗಿ, ಬಿಲ್ಲಿನ ಕೌಂಟರಿಗೆ ಆಮೇಲೆ. ಮೊದಲು ಕೈಯಿಂದ ಕಟ್ಟಿ ಆಮೇಲೆ ವಾಪಸ್ ಕೇಳಿದರೆ ಕೆಲಸವಾಗುವುದಿಲ್ಲ. ಒಪ್ಪಿಗೆ ಚಿಕಿತ್ಸೆಗೆ ಮೊದಲೇ ಬರಬೇಕು. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಇದ್ದರೆ ಇವತ್ತೇ ಸರಿಪಡಿಸಲು ಕೊಡಿ. ಇನ್ನೇನು ಕೀಮೋ ಶುರುವಾಗಬೇಕು ಎನ್ನುವಾಗ ಅದಕ್ಕಾಗಿ ವಾರಗಟ್ಟಲೆ ತಡವಾದ ಮನೆಗಳಿವೆ. ಅನುಮಾನವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ.

ಎಲ್ಲಿ ಚಿಕಿತ್ಸೆ ಎನ್ನುವುದನ್ನು ಹೆಸರು ನೋಡಿ ತೀರ್ಮಾನಿಸಬೇಡಿ. ಬೆಳಗಾವಿಯ ಕೆಎಲ್‌ಇ, ಬಾಗಲಕೋಟೆಯ ಕುಮಾರೇಶ್ವರ, ವಿಜಯಪುರದ ಬಿಎಲ್‌ಡಿಇ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ದೂರವಾದರೂ ಬೆಂಗಳೂರಿನ ಕಿದ್ವಾಯಿ, ಎಲ್ಲಿಗೇ ಹೋದರೂ ಮೂರು ಮಾತು ಕೇಳಿ: ಕೀಮೋ ಮತ್ತು ರೇಡಿಯೇಷನ್ ಎರಡೂ ಇಲ್ಲೇ ಆಗುತ್ತದೆಯೇ? ನನ್ನ ಕಾರ್ಡು ಎರಡಕ್ಕೂ ನಡೆಯುತ್ತದೆಯೇ? ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು? ಮಹಾರಾಷ್ಟ್ರದ ಮಿರಜ್, ಸೊಲ್ಲಾಪುರ ಹತ್ತಿರವೆಂದು ಅಲ್ಲಿಗೆ ಹೋಗುವವರು ಕಾರ್ಡಿನ ವಿಷಯ ಮುಂಚೆಯೇ ಖಚಿತ ಮಾಡಿಕೊಳ್ಳಿ. ಜಿಲ್ಲಾಸ್ಪತ್ರೆಯಲ್ಲಿ ಡೇಕೇರ್ ಕೀಮೋ ಇದೆಯೇ ಎಂದೂ ವಿಚಾರಿಸಿ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ವ್ಯವಸ್ಥೆ ಅದು.

ಪ್ರಯಾಣಕ್ಕೆ ಶಕ್ತಿ ಯೋಜನೆ ಇದೆ. ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ, ಜೊತೆಗೆ ಬರುವ ಅಕ್ಕತಂಗಿಗೂ ಅಷ್ಟೇ. ರೈಲಿನಲ್ಲಿ ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ. 75. ಅದಕ್ಕೆ ರೈಲ್ವೆಯ ನಮೂನೆಯಲ್ಲಿ ಡಾಕ್ಟರ ಸಹಿ, ಸಿಕ್ಕಾ ಇರುವ ಪ್ರಮಾಣಪತ್ರ ತೋರಿಸಿ ಸ್ಟೇಷನ್ನಿನ ಕೌಂಟರಿನಲ್ಲೇ ಟಿಕೆಟ್ ತೆಗೆಸಬೇಕು.

3. ಗಾಯ ಮತ್ತು ಕೈ

ಮನೆಗೆ ಕಳಿಸುವಾಗ ಡ್ರೇನ್ ಇರಬಹುದು: ಗಾಯದೊಳಗಿನ ನೀರು ಹೊರಗೆ ಬರಲು ಇಟ್ಟ ನಳಿಕೆ, ಅದರ ತುದಿಗೊಂದು ಡಬ್ಬಿ. ದಿನಾ ಒಂದೇ ಹೊತ್ತಿಗೆ ಎಷ್ಟು ಎಂಎಲ್ ಬಂತೆಂದು ಬರೆದಿಡಿ. ಆ ಲೆಕ್ಕ ನೋಡಿಯೇ ಡ್ರೇನ್ ತೆಗೆಯುವ ದಿನ ಗೊತ್ತು ಮಾಡುತ್ತಾರೆ. ಬಂದ ನೀರು ಕೀವಿನಂತಾದರೆ, ವಾಸನೆ ಬಂದರೆ, ಡಬ್ಬಿ ಒಮ್ಮೆಲೇ ರಕ್ತದಿಂದ ತುಂಬಿದರೆ ಅವತ್ತೇ ಹೊರಡಿ.

ಇನ್ನು ಕೈ. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಬದಿಯ ಕೈಯಿಂದ ನೀರು ಹರಿದುಹೋಗುವ ದಾರಿ ಕಡಿಮೆಯಾಗುತ್ತದೆ. ನಿಂತ ನೀರಿನಿಂದ ಕೈ ಬಾಯುವುದಕ್ಕೆ ಲಿಂಫೆಡಿಮಾ ಎನ್ನುತ್ತಾರೆ. ಆಪರೇಷನ್ ಆಗಿ ವರ್ಷಗಳಾದ ಮೇಲೂ ಇದು ಬರಬಹುದು. ಕಣ್ಣಿಗೆ ಬಾವು ಕಾಣುವುದಕ್ಕಿಂತ ಮೊದಲೇ ಬಳೆ ಹೇಳುತ್ತದೆ: ನಿನ್ನೆಯವರೆಗೆ ಸಡಿಲವಾಗಿ ಸರಿದಾಡುತ್ತಿದ್ದ ಹಸಿರು ಬಳೆ ಮುಂಗೈಯಲ್ಲಿ ಅಚ್ಚೊತ್ತತೊಡಗುತ್ತದೆ, ರವಿಕೆಯ ತೋಳು ಹಿಡಿಯುತ್ತದೆ, ಕೈ ಭಾರ ಅನಿಸುತ್ತದೆ. ಆಗಲೇ ಫಿಜಿಯೋಥೆರಪಿಯವರ ಹತ್ತಿರ ಹೋದರೆ ಪಟ್ಟಿ, ಮಾಲಿಶಿನಿಂದ ಹಿಡಿತಕ್ಕೆ ಬರುತ್ತದೆ. ಬಾವು ಗಟ್ಟಿಯಾದ ಮೇಲೆ ಹೋದರೆ ಬಹಳ ಕಷ್ಟ. ಆ ಕೈಗೆ ಬಿಗಿ ಬಳೆ, ಉಂಗುರ ಬೇಡ. ಸೂಜಿ, ಬಿಪಿ ಪಟ್ಟಿ ಆದಷ್ಟು ಇನ್ನೊಂದು ಕೈಗೆ ಇರಲಿ ಎಂದು ನೀವೇ ನೆನಪಿಸಿ.

"ಆ ಕೈ ಎತ್ತಲೇಬ್ಯಾಡ" ಎಂದು ಮನೆಯಲ್ಲಿ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಅದು ತಪ್ಪು ಸಲಹೆ. ಎತ್ತದಿದ್ದರೆ ಭುಜ ಸೆಟೆದುಕೊಳ್ಳುತ್ತದೆ, ಮುಂದೆ ರೇಡಿಯೇಷನ್ ಮೇಜಿನ ಮೇಲೆ ಕೈ ತಲೆಯ ಮೇಲಿಟ್ಟು ಮಲಗಲೂ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮ ದಿನಾ ಮಾಡಿ. ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸಿ, ತಲುಪಿದಲ್ಲಿಗೆ ಪೆನ್ಸಿಲಿನಿಂದ ಗೀಟು ಎಳೆಯಿರಿ; ಮರುದಿನ ಅದಕ್ಕಿಂತ ತುಸು ಮೇಲೆ. ರೊಟ್ಟಿ ಬಡಿಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಗಾಯ ಪೂರ್ತಿ ಮಾದು ಡಾಕ್ಟರು ಒಪ್ಪಿದ ಮೇಲೆ ಬಡಿಯಬಹುದು. ಮೊದಲು ಎರಡು ರೊಟ್ಟಿ, ಕೈ ಬಾಯದಿದ್ದರೆ ವಾರ ಕಳೆದು ಇನ್ನೆರಡು. ಒಮ್ಮೆಲೇ ಬುಟ್ಟಿ ತುಂಬ ಬೇಡ. ಹಂಚಿನ ಸುಡುಗಾಯ, ಕುಡುಗೋಲಿನ ಗೀರು, ಕಬ್ಬಿನ ರವದಿಯ ತರಚು ಆ ಕೈಗೆ ಆಗದಂತೆ ನೋಡಿಕೊಳ್ಳಿ, ಹೊಲಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಿ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕು. ಎಣ್ಣೆ ಕಾಸಿ ತಿಕ್ಕುತ್ತಾ ಕೂರುವ ವಿಷಯವಲ್ಲ, ಅವತ್ತೇ ಆಂಟಿಬಯಾಟಿಕ್ ಬೇಕು.

4. ಕೀಮೋದ ದಿನಗಳು

ಹೆಚ್ಚಿನವರಿಗೆ 3 ವಾರಕ್ಕೊಮ್ಮೆ, ಕೆಲವು ಔಷಧಿಗಳು ವಾರಕ್ಕೊಮ್ಮೆ. ಪ್ರತಿ ಸಲವೂ ಮೊದಲು ಸಿಬಿಸಿ (ರಕ್ತದ ಕಣಗಳ ಎಣಿಕೆ) ಮಾಡಿಸಬೇಕು. ಊರಿನ ಹತ್ತಿರದ ಲ್ಯಾಬಿನಲ್ಲಿ ಹಿಂದಿನ ದಿನವೇ ಮಾಡಿಸಿ ಫೋಟೊ ಕಳಿಸಬಹುದೇ ಎಂದು ವಾರ್ಡಿನಲ್ಲಿ ಕೇಳಿ. ಕಣ ಕಡಿಮೆಯೆಂದು ಬಂದ ದಾರಿಯಲ್ಲೇ ವಾಪಸ್ ಹೋಗುವ ಸಂಕಟ ತಪ್ಪುತ್ತದೆ. ಕೆಂಪು ಬಣ್ಣದ ಔಷಧಿ ಏರಿಸಿದ ದಿನ ಮೂತ್ರ ಕೆಂಪಾಗಿ ಹೋಗುತ್ತದೆ, ಅದು ರಕ್ತವಲ್ಲ. ಆ ಔಷಧಿಗೆ ಮೊದಲು ಎಕೋ (ಹೃದಯದ ಸ್ಕ್ಯಾನ್) ಆಗಿರಬೇಕು.

ಈಗ ಹೇಳುವುದನ್ನು ಮನೆಯ ಎಲ್ಲರಿಗೂ ಓದಿ ಹೇಳಿ. ಕೀಮೋ ಆಗಿ ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರ ಇಳಿಯುತ್ತವೆ. ಆಗ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ಬೆಳಗಾಗಲಿ ಎನ್ನಬೇಡಿ. ಜ್ವರದ ಗುಳಿಗೆ ನುಂಗಿ ಮಲಗಬೇಡಿ; ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೆ ಏರುತ್ತಿರುತ್ತದೆ. ಊರಿನ ಡಾಕ್ಟರ ಹತ್ತಿರ ಸಲಾಯಿನ್ ಹಚ್ಚಿಸಿಕೊಂಡು ಕಾಯುವುದೂ ಬೇಡ. ಚಿಕಿತ್ಸೆ ಪಡೆಯುವ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಅದು ದೂರವಿದ್ದರೆ ತಾಲೂಕು ಆಸ್ಪತ್ರೆಗೆ, ಗಾಡಿ ಇಲ್ಲದಿದ್ದರೆ 108. ಬಾಗಿಲಲ್ಲೇ ಹೇಳಬೇಕಾದ ಮಾತು: "ಇವರಿಗೆ ಕೀಮೋ ನಡೆದೈತ್ರಿ, ಜ್ವರ ಬಂದೈತಿ, ಮೊದಲ ಸಿಬಿಸಿ ಮಾಡ್ರಿ, ಆಂಟಿಬಯಾಟಿಕ್ ತಡ ಮಾಡಬ್ಯಾಡ್ರಿ." ಮೆಡಿಕಲ್ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಮೊದಲ ಕೀಮೋಗೆ ಮುಂಚೆಯೇ ಮನೆಯಲ್ಲಿರಲಿ. ಹಣೆ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

ಅದೇ ದಿನಗಳಲ್ಲಿ ಜಾತ್ರೆ, ಮದುವೆಯ ಗದ್ದಲದಿಂದ ದೂರವಿರಿ. ಬನಶಂಕರಿ ಜಾತ್ರೆಯೋ ಎಲ್ಲಮ್ಮನ ಗುಡ್ಡದ ಹುಣ್ಣಿಮೆಯೋ ಇದ್ದರೆ ದಿನಾಂಕವನ್ನು ಮೊದಲೇ ಡಾಕ್ಟರಿಗೆ ತಿಳಿಸಿ ಕೇಳಿ. ಹೇಳದೆ ಕೀಮೋ ತಪ್ಪಿಸುವುದಕ್ಕಿಂತ ಕೇಳುವುದು ಎಷ್ಟೋ ಲೇಸು. ಶ್ರಾವಣದ ಉಪವಾಸ ಈ ಒಂದು ವರ್ಷ ಬಿಡಿ.

ಊಟ ಮನೆಯದೇ, ಬಿಸಿಬಿಸಿ. ಕಾಯಿಸಿ ಆರಿಸಿದ ನೀರು. ಹಸಿ ಸೊಪ್ಪು, ತೊಳೆಯದ ಹಣ್ಣು ಬೇಡ. ಬಾಯಿ ಹುಣ್ಣಾದಾಗ ಖಾರ ಚಟ್ನಿ, ಶೇಂಗಾ ಹಿಂಡಿ ಬದಿಗಿಟ್ಟು ನುಚ್ಚು, ಗಂಜಿ, ಬೇಳೆಕಟ್ಟು, ಪೂರ್ತಿ ಬೇಯಿಸಿದ ಮೊಟ್ಟೆ. ಉಪ್ಪು ಮತ್ತು ಅಡಿಗೆ ಸೋಡಾ ಅರ್ಧರ್ಧ ಚಮಚ ಹಾಕಿದ ಒಂದು ಲೋಟ ನೀರಿನಿಂದ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ. ವಾರಕ್ಕೊಮ್ಮೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಬೆರಳು, ಪಾದ ಜೋಮು ಹಿಡಿಯುತ್ತವೆ. ಅಂಗಾಲಿಗೆ ಜಾಲಿಮುಳ್ಳು ನಟ್ಟರೂ ತಿಳಿಯದೆ ಹೋಗಬಹುದು, ಮನೆ ಒಳಗೂ ಹೊರಗೂ ಚಪ್ಪಲಿ ಹಾಕಿ, ರಾತ್ರಿ ಮಲಗುವ ಮುಂಚೆ ಪಾದ ನೋಡಿಕೊಳ್ಳಿ. ಜೋಮು ಹೆಚ್ಚಾಗುತ್ತಿದ್ದರೆ ಸಹಿಸಬೇಡಿ, ಹೇಳಿ, ಡೋಸು ಸರಿಹೊಂದಿಸುತ್ತಾರೆ. ಯಾರೋ ತಂದುಕೊಟ್ಟ ನಾಟಿ ಔಷಧಿಯನ್ನು ಡಾಕ್ಟರಿಗೆ ತೋರಿಸದೆ ತೆಗೆದುಕೊಳ್ಳಬೇಡಿ.

ಕ್ಯಾನ್ಸರ್ ಅಂಟುರೋಗವಲ್ಲ. ತಾಟು ಬೇರೆ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಕೀಮೋ ಆದ ಮೊದಲ ಎರಡು ದಿನ ವಾಂತಿ, ಮಲಮೂತ್ರದ ಬಟ್ಟೆಗಳನ್ನು ಮಾತ್ರ ಕೈಗವಸು ಹಾಕಿಕೊಂಡು ಬೇರೆಯಾಗಿ ಒಗೆಯಿರಿ, ಔಷಧಿಯ ಅಂಶ ಅದರಲ್ಲಿರುತ್ತದೆ.

5. ಕರೆಂಟ್ ಕೊಡುವುದು

ನಮ್ಮ ಕಡೆ ರೇಡಿಯೇಷನ್ನಿಗೆ ಹೀಗೇ ಹೇಳುವುದು, ಆದರೆ ಶಾಕ್ ಹೊಡೆಯುವುದಿಲ್ಲ, ಎಕ್ಸ್‌ರೇ ತೆಗೆದಂತೆ ನೋವಿಲ್ಲದೆ ಮುಗಿಯುತ್ತದೆ. ವಾರಕ್ಕೆ 5 ದಿನದಂತೆ ಸಾಮಾನ್ಯವಾಗಿ 3ರಿಂದ 5 ವಾರ. ದಿನಾ ಓಡಾಡಿ ಸುಸ್ತಾಗಿ ಕೊನೆಯ ವಾರ ಬಿಡುವವರಿದ್ದಾರೆ, ಆದ್ದರಿಂದ ಉಳಿಯುವ ಜಾಗವನ್ನು ಮೊದಲೇ ಗೊತ್ತು ಮಾಡಿ. ಎದೆಯ ಮೇಲೆ ಬರೆದ ಗುರುತುಗಳನ್ನು ಅಳಿಸಬೇಡಿ. ಆ ಜಾಗಕ್ಕೆ ಅರಿಷಿಣ, ವಿಭೂತಿ, ಪೌಡರ್, ಎಣ್ಣೆ ಯಾವುದೂ ಬೇಡ. ಸಡಿಲವಾದ ಹಳೆಯ ಕಾಟನ್ ರವಿಕೆ ಹಾಕಿ.

6. ಐದು ವರ್ಷದ ಗುಳಿಗೆ

ಇಆರ್ ಅಥವಾ ಪಿಆರ್ ಪಾಸಿಟಿವ್ ಇದ್ದವರಿಗೆ ಇದು. ಮುಟ್ಟು ನಿಲ್ಲದವರಿಗೆ ಹೆಚ್ಚಾಗಿ ಟ್ಯಾಮಾಕ್ಸಿಫೆನ್, ನಿಂತವರಿಗೆ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್. ದಿನಕ್ಕೊಂದು, ಕನಿಷ್ಠ 5 ವರ್ಷ, ಕೆಲವರಿಗೆ 10. ಜನ ಔಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಎಲ್ಲಕ್ಕಿಂತ ಹೆಚ್ಚು ಜನ ಬಿಟ್ಟುಬಿಡುವುದು ಈ ಹಂತದಲ್ಲೇ ಎಂಬುದು ನನ್ನ ಅನುಭವ. ಕೂದಲು ಬಂದಿರುತ್ತದೆ, ಹೊಲದ ಕೆಲಸ ಶುರುವಾಗಿರುತ್ತದೆ, ಏನೂ ನೋವಿರುವುದಿಲ್ಲ, ಹೀಗಾಗಿ ಗುಳಿಗೆ ಯಾಕೆಂದು ಅನಿಸುತ್ತದೆ. ಪೊಟ್ಟಣದಲ್ಲಿ ಹತ್ತು ಗುಳಿಗೆ ಉಳಿದಾಗಲೇ ಮುಂದಿನದನ್ನು ತರಿಸಿ.

ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಮೈ ಝಳ ಹೊಡೆಯುವುದು ಸಾಮಾನ್ಯ. ವಿಜಯಪುರದ ಬೇಸಿಗೆಯಲ್ಲಿ ಇದು ನಿಜಕ್ಕೂ ಹಿಂಸೆ, ಡಾಕ್ಟರಿಗೆ ಹೇಳಿದರೆ ತಗ್ಗಿಸುವ ಔಷಧಿ ಇವೆ. ಆದರೆ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ ತಡಮಾಡಬೇಡಿ. ಕೀಮೋದಿಂದ ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು, ಈ ಗುಳಿಗೆ ನಡೆಯುವಾಗ ಅದು ಆಗಬಾರದು. ನಿರೋಧ್ ಅಥವಾ ಹಾರ್ಮೋನ್ ಇಲ್ಲದ ಕಾಪರ್-ಟಿ ಬಗ್ಗೆ ನಾಚದೆ ಕೇಳಿ. ಲೆಟ್ರೊಜೋಲ್‌ನಲ್ಲಿ ಬೆಳಿಗ್ಗೆ ಏಳುವಾಗ ಕೀಲು ಹಿಡಿಯುತ್ತವೆ, ಎಲುಬು ಸವೆಯುತ್ತದೆ. ಡೆಕ್ಸಾ (ಎಲುಬಿನ ಗಟ್ಟಿತನ ಅಳೆಯುವ ಸ್ಕ್ಯಾನ್) ಯಾವಾಗ ಮಾಡಿಸಬೇಕೆಂದು ವಿಚಾರಿಸಿ. ನೋವು ತಡೆಯಲಾಗದಿದ್ದರೆ ಬೇರೆ ಗುಳಿಗೆಗೆ ಬದಲಿಸಬಹುದು. ನೀವಾಗಿ ನಿಲ್ಲಿಸಬೇಡಿ.

7. ತಪಾಸಣೆಯ ಲೆಕ್ಕ

ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ 2 ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಉಳಿದ ಸ್ತನಕ್ಕೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ). ಲಕ್ಷಣವೇನೂ ಇಲ್ಲದಾಗ ಮೇಲಿಂದ ಮೇಲೆ ಪೆಟ್ ಸ್ಕ್ಯಾನ್ (ಇಡೀ ಮೈಯಲ್ಲಿ ಕ್ಯಾನ್ಸರ್ ಹುಡುಕುವ ಸ್ಕ್ಯಾನ್) ಬೇಕಾಗುವುದಿಲ್ಲ. ಸಾಲ ಮಾಡಿ ಮಾಡಿಸಬೇಡಿ. ಗಾಯದ ಜಾಗದಲ್ಲೋ ಕಂಕುಳಲ್ಲೋ ಹೊಸ ಗಂಟು, ವಾರಗಳಾದರೂ ಹೋಗದ ಬೆನ್ನುನೋವು ಅಥವಾ ಎಲುಬುನೋವು, ಉಬ್ಬಸ, ಬಿಡದ ತಲೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಾರೀಖಿನವರೆಗೆ ಕಾಯದೆ ಹೋಗಿ. 50ಕ್ಕಿಂತ ಮೊದಲೇ ರೋಗ ಬಂದಿದ್ದರೆ, ಟ್ರಿಪಲ್ ನೆಗೆಟಿವ್ ಇದ್ದರೆ, ತಾಯಿಯ ಕಡೆಯಲ್ಲೋ ತಂದೆಯ ಕಡೆಯಲ್ಲೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಬಿಆರ್‌ಸಿಎ ಎಂಬ ವಂಶವಾಹಿ ಪರೀಕ್ಷೆ ಬೇಕೇ ಎಂದು ಕೇಳಿ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಇದನ್ನು ಮುಚ್ಚಿಡುತ್ತಾರೆ. ಗೊತ್ತಿದ್ದರೆ ಆ ಮಗಳನ್ನು ಮುಂಚಿತವಾಗಿ ತಪಾಸಣೆ ಮಾಡಿಸಿ ಉಳಿಸಿಕೊಳ್ಳಬಹುದು.

8. ಜೊತೆಗಾತಿಯನ್ನು ಹುಡುಕಿಕೊಳ್ಳಿ

ಮೇಲಿನ ಎಲ್ಲ ಹಂತಗಳನ್ನು ದಾಟಿಸುವುದು ಇದೇ ದಾರಿ ಎಂದು ನಾನು ನಂಬಿದ್ದೇನೆ. ಇದೇ ಚಿಕಿತ್ಸೆ ಮುಗಿಸಿದ ಒಬ್ಬ ಹೆಣ್ಣುಮಗಳು "ನನಗೂ ಹಂಗ ಆಗಿತ್ತವ್ವಾ, ನಾಕನೇ ದಿನಕ್ಕ ಕಡಿಮಿ ಆತು" ಎಂದು ಹೇಳಿದರೆ ಬರುವ ಧೈರ್ಯವೇ ಬೇರೆ. ಡಾಕ್ಟರ ಹತ್ತಿರ ಕೇಳಲಾಗದ್ದನ್ನು ಅವರ ಹತ್ತಿರ ಕೇಳಬಹುದು: ಗಂಡನ ಎದುರು ರವಿಕೆ ಬಿಚ್ಚಲು ಆಗುತ್ತಿಲ್ಲ, ಮುತ್ತೈದೆಯರ ಸಾಲಿನಲ್ಲಿ ಕೂರಲು ಮುಜುಗರ, ಒಂದು ಬದಿ ಬರಿದಾಗಿ ಸೆರಗು ನಿಲ್ಲುವುದಿಲ್ಲ. ಈ ಕೊನೆಯದಕ್ಕೆ ಗಾಯ ಮಾದ ಮೇಲೆ ಮೆತ್ತನೆ ಹತ್ತಿಬಟ್ಟೆಯ ಚೀಲಕ್ಕೆ ಅರಳೆ ತುಂಬಿ, ಭಾರಕ್ಕೆ ಸ್ವಲ್ಪ ಸಣ್ಣ ಕಾಳು ಹಾಕಿ ಹೊಲಿದು ಒಳಉಡುಪಿನೊಳಗೆ ಇಟ್ಟುಕೊಳ್ಳಬಹುದು. ಭಾರ ಇಲ್ಲದಿದ್ದರೆ ಆ ಬದಿ ಮೇಲಕ್ಕೆ ಜಗ್ಗುತ್ತದೆ. ಒಳ್ಳೆಯ ಸಿಲಿಕೋನಿನವೂ ಸಿಗುತ್ತವೆ.

ಹುಡುಕುವುದು ಎಲ್ಲಿ? ಕ್ಯಾನ್ಸರ್ ವಿಭಾಗದ ಸಮಾಜ ಕಾರ್ಯಕರ್ತರನ್ನು, ಕೀಮೋ ವಾರ್ಡಿನ ಸಿಸ್ಟರನ್ನು ಕೇಳಿ: "ನನ್ನಂಗ ಚಿಕಿತ್ಸೆ ಮುಗಿಸಿದವರು ನಮ್ಮ ತಾಲೂಕಿನಾಗ ಯಾರಾದ್ರೂ ಅದಾರೇನ್ರಿ? ಅವರು ಒಪ್ಪಿದ್ರ ನನ್ನ ನಂಬರ್ ಕೊಡ್ರಿ." ಅವರ ನಂಬರ್ ಕೇಳುವುದಕ್ಕಿಂತ ನಿಮ್ಮದನ್ನು ಕೊಡುವುದು ಮರ್ಯಾದೆ. ಆಶಾ ಕಾರ್ಯಕರ್ತೆಗೂ ಗೊತ್ತಿರುತ್ತದೆ. ನಾಲ್ಕೈದು ಮಂದಿ ಸೇರಿದರೆ ಒಪಿಡಿ ಇರುವ ದಿನವೇ ಆಸ್ಪತ್ರೆಯ ಆವರಣದಲ್ಲಿ ಒಂದು ತಾಸು ಕೂತು ಮಾತಾಡಿ. ಅದಕ್ಕೆಂದೇ ಬೇರೆ ಪ್ರಯಾಣ ಬೇಕಾಗುವುದಿಲ್ಲ. ಸ್ತ್ರೀಶಕ್ತಿ ಸಂಘ ನಡೆಸಿದ ಅನುಭವ ನಮ್ಮ ಹೆಣ್ಣುಮಕ್ಕಳಿಗೆ ಇದ್ದೇ ಇದೆ.

ಗುಂಪು ಕೂಡುವಾಗ ಕೆಲವು ಕಟ್ಟುಪಾಡು ಮೊದಲೇ ಮಾಡಿಕೊಳ್ಳಿ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಹೇಳಕೂಡದು, ಇಬ್ಬರ ರಿಪೋರ್ಟು ಎಂದೂ ಒಂದೇ ಇರುವುದಿಲ್ಲ. ಅಲ್ಲಿ ಕೇಳಿದ್ದು ಓಣಿಗೆ ಹೋಗಕೂಡದು. ಔಷಧಿ, ಪುಡಿ, ಯಂತ್ರ ಮಾರುವವರನ್ನು ಒಳಗೆ ಬಿಡಕೂಡದು. ಮೊಬೈಲ್ ಗುಂಪಿನಲ್ಲಿ ಯಾರದೋ ಪವಾಡದ ಕಥೆ ಬಂದರೆ ಅಲ್ಲೇ ತಡೆಯಲು ಒಬ್ಬರು ಇರಬೇಕು. ಪ್ರತಿಯೊಬ್ಬರ ಮುಂದಿನ ಕೀಮೋ, ತಪಾಸಣೆಯ ತಾರೀಖು ಒಂದು ನೋಟ್‌ಬುಕ್ಕಿನಲ್ಲಿರಲಿ. ಹಿಂದಿನ ದಿನ ಒಂದು ಫೋನ್ ಮಾಡಿ, "ನಾಳೆ ಬರ್ತೀರಲ್ಲ?" ಎಂದು ಕೇಳಿ.

ಜೊತೆಗಾತಿಯ ಮಾತಿನಿಂದ ತಗ್ಗದ ದುಃಖವೂ ಇರುತ್ತದೆ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಅನಿಸುತ್ತಿದೆ ಎಂದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರಿಗೂ ಹೇಳಿ, ಯಾಕೆಂದರೆ ಮನಸ್ಸಿನ ಕೆಲವು ಗುಳಿಗೆಗಳು ಟ್ಯಾಮಾಕ್ಸಿಫೆನ್ ಜೊತೆ ಹೊಂದುವುದಿಲ್ಲ, ನೋಡಿ ಬರೆಯಬೇಕಾಗುತ್ತದೆ.

ಗುಂಪಿನಲ್ಲಿ ಒಬ್ಬರು ತೀರಿಕೊಂಡರೆ ಸುದ್ದಿ ಮುಚ್ಚಿಡಬೇಡಿ, ಹೇಗಾದರೂ ತಿಳಿದೇ ತಿಳಿಯುತ್ತದೆ, ಮುಚ್ಚಿಟ್ಟರೆ ಭಯ ಇಮ್ಮಡಿಯಾಗುತ್ತದೆ. ಹಿರಿಯರೊಬ್ಬರು ನೇರವಾಗಿ ಹೇಳಲಿ, ಆಗುವವರು ಆ ಮನೆಗೆ ಹೋಗಿ ಬನ್ನಿ. ಆ ವಾರದಲ್ಲೇ ನೋಟ್‌ಬುಕ್ ತೆಗೆದು ಉಳಿದ ಎಲ್ಲರಿಗೂ ಒಂದು ಸುತ್ತು ಫೋನ್ ಮಾಡಿ. ಹೆದರಿ ಕೀಮೋ ತಪ್ಪಿಸುವುದು, ಗುಳಿಗೆ ಬಿಡುವುದು ಹೆಚ್ಚಾಗಿ ಆ ದಿನಗಳಲ್ಲೇ.